ಕರೆಂಟ್ ಹೋದರೆ ತೂಕದ ಚೀಟಿ ಮಾಯ, ಪೆನ್‌ಡ್ರೈವ್‌ಗೆ ಕಾಪಿ ಹಾಕಿದರೆ ಕಂಪ್ಯೂಟರ್ ಹ್ಯಾಂಗ್: ಡರ್ಟಿ ರೇಷಿಯೊ ಎಷ್ಟಿಡಬೇಕು?

ತೂಕದಮನೆ (ಗೋಣಿಕೊಪ್ಪ)

ಕಾಫಿ ಖರೀದಿ ಅಂಗಡಿಯ ತೂಕದ ಕಂಪ್ಯೂಟರ್. ಉಬುಂಟು 24.04, 16 ಜಿಬಿ ರ‍್ಯಾಮ್, 7200 ಆರ್‌ಪಿಎಂನ 1 ಟಿಬಿ ಹಾರ್ಡ್ ಡಿಸ್ಕ್, ಫೈಲ್ ಸಿಸ್ಟಂ ಇಎಕ್ಸ್‌ಟಿ4. ತಕ್ಕಡಿಯಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಬರುತ್ತದೆ. ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಪ್ರತಿ ಚೀಟಿಗೂ ಸಿಎಸ್‌ವಿ ಫೈಲಿಗೆ ಒಂದು ಸಾಲು ಸೇರಿಸುತ್ತದೆ: ನಂಬರ್, ಚೆರ್ರಿಯೋ ಪಾರ್ಚ್‌ಮೆಂಟೋ, ಮೂಟೆ, ಕೆಜಿ, ಓಟಿ (ಔಟ್‌ಟರ್ನ್, ಅಂದರೆ ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ). ದಿನದ ಮೊತ್ತಕ್ಕೆ ಬೇರೆ ಫೈಲ್ ಇದೆ. ಪ್ರತಿ ಚೀಟಿಗೂ ಅದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ.

ತೊಂದರೆ ಎರಡು. ಒಂದು, ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ಕೊನೆಯ ಸುಮಾರು 40 ನಿಮಿಷದ ಚೀಟಿಗಳು ಫೈಲಿನಲ್ಲಿ ಇಲ್ಲ, ಮೊತ್ತದ ಫೈಲ್ 0 ಬೈಟ್. ಎರಡು, ಸಂಜೆ ಕ್ಯಾಮೆರಾ ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ ಚೀಟಿ ಸೇವ್ ಆಗಲು ಅರ್ಧ ನಿಮಿಷ ಬೇಕು. ಡರ್ಟಿ_ರೇಷಿಯೊ (ಡಿಸ್ಕಿಗೆ ಇನ್ನೂ ಇಳಿಯದ ಬರಹ ಮೆಮೊರಿಯಲ್ಲಿ ಎಷ್ಟು ಕೂಡಬಹುದು ಎಂಬ ಮಿತಿ) ಕಡಿಮೆ ಮಾಡಿದರೆ ಎರಡೂ ಸರಿಹೋಗುತ್ತದೆ ಎಂದು ಓದಿದೆ. ಎಷ್ಟಿಡಬೇಕು?

ಕರ್ನಲ್‌ಕಟ್ಟೆ (ಮಡಿಕೇರಿ)

ಎರಡನೆಯ ತೊಂದರೆಗೆ ಆ ಗುಂಡಿಗಳು (ಸೆಟ್ಟಿಂಗ್‌ಗಳು) ಮದ್ದು. ಮೊದಲನೆಯದಕ್ಕೆ ಅಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. (ಕಮಾಂಡ್, ಫೈಲ್ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.)

ಪ್ರೋಗ್ರಾಂ ಬರೆದದ್ದು ನೇರ ಡಿಸ್ಕಿಗೆ ಹೋಗುವುದಿಲ್ಲ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಅದನ್ನು ರ‍್ಯಾಮ್‌ನ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡು, ಆ ಪುಟಕ್ಕೆ ‘ಡರ್ಟಿ’ ಎಂದು ಗುರುತು ಹಾಕಿ, ಪ್ರೋಗ್ರಾಂಗೆ ‘ಆಯಿತು’ ಎನ್ನುತ್ತದೆ. ಯಾವಾಗ ಡಿಸ್ಕಿಗೆ ಇಳಿಸಬೇಕು ಎಂಬುದನ್ನು ನಾಲ್ಕು ಸಂಖ್ಯೆಗಳು ತೀರ್ಮಾನಿಸುತ್ತವೆ. ಎರಡು ಕಾಲಕ್ಕೆ ಸೇರಿದವು, ಎರಡು ಪ್ರಮಾಣಕ್ಕೆ.

ಕಾಲ: ವಿಎಂ.ಡರ್ಟಿ_ರೈಟ್‌ಬ್ಯಾಕ್_ಸೆಂಟಿಸೆಕ್ಸ್ ಮೂಲತಃ 500, ಅಂದರೆ ಬರೆಯುವ ಥ್ರೆಡ್ 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತದೆ. ವಿಎಂ.ಡರ್ಟಿ_ಎಕ್ಸ್‌ಪೈರ್_ಸೆಂಟಿಸೆಕ್ಸ್ 3000, ಅಂದರೆ 30 ಸೆಕೆಂಡ್ ಹಳೆಯದಾದ ಪುಟವನ್ನು ಆಗ ಕಳಿಸುತ್ತದೆ.

ಪ್ರಮಾಣ: ಡರ್ಟಿ_ಬ್ಯಾಕ್‌ಗ್ರೌಂಡ್_ರೇಷಿಯೊ 10. ಡರ್ಟಿ ಪುಟಗಳ ಗುಡ್ಡೆ ಶೇಕಡಾ ಇಷ್ಟಾದರೆ ವಯಸ್ಸು ನೋಡದೆ ಹಿನ್ನೆಲೆಯಲ್ಲಿ ಬರೆಯಲು ಶುರು. ಡರ್ಟಿ_ರೇಷಿಯೊ 20. ಇದು ಕಟ್ಟಕಡೆಯ ಗಡಿ. ಗಡಿ ಮುಟ್ಟುವವರೆಗೆ ಎಲ್ಲ ಸಲೀಸು ಎಂದುಕೊಳ್ಳಬೇಡಿ, ಎರಡರ ನಡುಮಧ್ಯಕ್ಕೆ ಬಂದಾಗಲೇ ಕರ್ನಲ್ ಬರೆಯುವ ಪ್ರೋಗ್ರಾಂಗಳನ್ನು ತಡೆದು ತಡೆದು ಬಿಡತೊಡಗುತ್ತದೆ. 2012ರ ಜನವರಿಯಲ್ಲಿ ಬಂದ 3.2 ಕರ್ನಲ್‌ನಿಂದ ಹೀಗೆ. ಈ ಶೇಕಡಾ ಒಟ್ಟು ರ‍್ಯಾಮ್‌ನದ್ದಲ್ಲ. ಖಾಲಿ ಮೆಮೊರಿ ಮತ್ತು ಫೈಲ್ ಕ್ಯಾಶ್ ಸೇರಿ ಬಳಕೆಗೆ ಸಿಗುವ ಭಾಗದ್ದು.

ನಿಮ್ಮ ಯಂತ್ರದಲ್ಲಿ ಅದು 12 ಜಿಬಿ ಇದೆ ಎಂದಿಟ್ಟುಕೊಳ್ಳಿ. 1.2 ಜಿಬಿಗೆ ಹಿನ್ನೆಲೆ ಬರಹ, 1.8 ಜಿಬಿಗೆ ತಡೆ, 2.4 ಜಿಬಿಗೆ ಗಡಿ. ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿ ಬರೆಯುವಂಥದ್ದಾದರೆ ಆ 2.4 ಜಿಬಿ ಇಳಿಯಲು 300 ಸೆಕೆಂಡ್. ಕಾಪಿಯ ಪಟ್ಟಿ ಶುರುವಿನಲ್ಲಿ ಓಡಿ, ಆಮೇಲೆ ಅಲ್ಲಾಡದೆ ನಿಲ್ಲುವುದು ಇದಕ್ಕೇ.

ಚೀಟಿ ಬರೆಯುವುದು ಹಾರ್ಡ್ ಡಿಸ್ಕಿಗೆ, ಅದಕ್ಕೇಕೆ ತಡೆ ಎಂದರೆ: ಗಡಿ ಇಡೀ ವ್ಯವಸ್ಥೆಗೆ ಒಂದೇ. ಅದರೊಳಗೆ ಪ್ರತಿ ಡಿಸ್ಕಿಗೂ ಪಾಲು ಇದೆ, ಆದರೆ ಆ ಪಾಲು ಡಿಸ್ಕ್ ಇತ್ತೀಚೆಗೆ ಎಷ್ಟು ಬರೆದು ಮುಗಿಸಿದೆ ಎಂಬುದರ ಮೇಲೆ ನಿಂತಿದೆ. ಚೀಟಿ ಬಿಟ್ಟರೆ ಬೇರೇನೂ ಬರೆಯದ ನಿಮ್ಮ ಹಾರ್ಡ್ ಡಿಸ್ಕಿನ ಪಾಲು ಆ ಹೊತ್ತಿಗೆ ತೀರಾ ಸಣ್ಣದಾಗಿರುತ್ತದೆ.

ಈಗ ಮೊದಲನೆಯ ತೊಂದರೆ. ಕರ್ನಲ್ ಹಿಡಿದಿಟ್ಟುಕೊಳ್ಳುವುದು 30 ಸೆಕೆಂಡ್, ಮೇಲೆ 5 ಸೆಕೆಂಡ್, ಜೊತೆಗೆ ಬರೆಯುವ ಸಮಯ. ಸಣ್ಣ ಫೈಲಿನ 40 ನಿಮಿಷದ ಬರಹ ಹೋಗಿದೆ ಎಂದರೆ ಅದು ಕರ್ನಲ್‌ನ ಕೈಗೇ ಬಂದಿರಲಿಲ್ಲ. ಪ್ರೋಗ್ರಾಂ ಒಳಗೆ ನೋಡಬೇಕು.

ಅಳತೆ ಎರಡು ಬೇಕು. ಕಾಪಿ ನಡೆಯುವಾಗ ‘ವಾಚ್ -ಎನ್1 ಗ್ರೆಪ್ -ಇ ಡರ್ಟಿ: -ಇ ರೈಟ್‌ಬ್ಯಾಕ್: /ಪ್ರಾಕ್/ಮೆಮ್‌ಇನ್ಫೊ’ ಓಡಿಸಿ, ಏರುವ ಗರಿಷ್ಠ ಸಂಖ್ಯೆ ಹೇಳಿ. ಡರ್ಟಿಯ ಡಿ ಮತ್ತು ರೈಟ್‌ಬ್ಯಾಕ್‌ನ ಡಬ್ಲ್ಯೂ ದೊಡ್ಡಕ್ಷರ. ಆಮೇಲೆ ಡಿಸ್ಕ್ ಮತ್ತು ಪೆನ್‌ಡ್ರೈವ್‌ನ ನಿಜವಾದ ವೇಗ: ‘ಡಿಡಿ’ಯಲ್ಲಿ 1 ಎಂಬಿಯ 512 ತುಂಡು ಬರೆಯಿರಿ, ಕೊನೆಗೆ ‘ಕಾನ್ವ್=ಎಫ್‌ಡೇಟಾಸಿಂಕ್’ ಸೇರಿಸಲೇಬೇಕು. ಅದಿಲ್ಲದಿದ್ದರೆ ನೀವು ಅಳೆಯುವುದು ರ‍್ಯಾಮ್‌ನ ವೇಗವನ್ನು.

ಲೆಕ್ಕಪತ್ರ (ವಿರಾಜಪೇಟೆ)

ಕರ್ನಲ್‌ಕಟ್ಟೆಯವರ ಅನುಮಾನ ಸರಿ. ಪೈಥಾನ್‌ನಲ್ಲಿ ಫೈಲ್ ತೆರೆದರೆ ಅದಕ್ಕೆ ತನ್ನದೇ ಬಫರ್ ಇರುತ್ತದೆ, ಸಾಮಾನ್ಯವಾಗಿ 8192 ಬೈಟ್. ನಿಮ್ಮ ಒಂದು ಸಾಲು ಸುಮಾರು 80 ಬೈಟ್ ಎಂದರೆ 100 ಚೀಟಿ ಕೂಡುವವರೆಗೆ ಕರ್ನಲ್‌ಗೆ ಒಂದಕ್ಷರವೂ ಹೋಗುವುದಿಲ್ಲ. ಸುಗ್ಗಿಯಲ್ಲಿ ನಿಮಿಷಕ್ಕೊಂದು ಚೀಟಿ ಹರಿದರೂ ಒಂದೂವರೆ ಗಂಟೆಯ ಲೆಕ್ಕ ಅಲ್ಲೇ ಕುಳಿತಿರುತ್ತದೆ. ಕರೆಂಟ್ ಹೋಗಬೇಕೆಂದೂ ಇಲ್ಲ, ಪ್ರೋಗ್ರಾಂ ಅನ್ನು ಕಿಲ್ ಮಾಡಿದರೂ ಅಷ್ಟೂ ಹೋಗುತ್ತದೆ.

ಒಂದು ಸಾಲು ಡಿಸ್ಕಿನ ತಟ್ಟೆಗೆ ತಲುಪುವ ಮುನ್ನ ಮೂರು ಕಡೆ ತಂಗುತ್ತದೆ: ಪ್ರೋಗ್ರಾಂನ ಬಫರ್, ಕರ್ನಲ್‌ನ ಪೇಜ್ ಕ್ಯಾಶ್, ಡಿಸ್ಕಿನೊಳಗಿನ ಕ್ಯಾಶ್. ಎಫ್.ಫ್ಲಶ್() ಮೊದಲನೆಯದರಿಂದ ಎರಡನೆಯದಕ್ಕೆ ತಳ್ಳುತ್ತದೆ, ಅಷ್ಟೆ. ಓಎಸ್.ಎಫ್‌ಸಿಂಕ್(ಎಫ್.ಫೈಲ್‌ನೋ()) ಎರಡನೆಯದರಿಂದ ಡಿಸ್ಕಿಗೆ ಕಳಿಸಿ, ಡಿಸ್ಕಿನ ಕ್ಯಾಶ್ ಖಾಲಿ ಮಾಡಲು ಆಜ್ಞೆ ಕೊಟ್ಟು, ಮುಗಿದ ಮೇಲೆ ಹಿಂತಿರುಗುತ್ತದೆ. ಎರಡನ್ನೂ ಇದೇ ಕ್ರಮದಲ್ಲಿ ಕರೆಯಬೇಕು. ಫ್ಲಶ್ ಬಿಟ್ಟು ಎಫ್‌ಸಿಂಕ್ ಮಾತ್ರ ಕರೆದರೆ ಪೈಥಾನ್ ಬಫರ್‌ನಲ್ಲಿ ಇರುವುದು ಅಲ್ಲೇ ಉಳಿಯುತ್ತದೆ. ಈ ತಪ್ಪು ಬಹಳ ಕಡೆ ಇದೆ.

ಚೀಟಿ ಪ್ರಿಂಟ್ ಆಗುವುದು ಎಫ್‌ಸಿಂಕ್ ಮುಗಿದ ಮೇಲೆ ಇರಲಿ. ರೈತರ ಕೈಯಲ್ಲಿ ಚೀಟಿ ಇದ್ದು ಫೈಲಿನಲ್ಲಿ ಇಲ್ಲದಿರುವ ಸ್ಥಿತಿ ಆಗ ಬರುವುದಿಲ್ಲ.

ಮೊತ್ತದ ಫೈಲ್: ‘ಡಬ್ಲ್ಯೂ’ ಮೋಡ್‌ನಲ್ಲಿ ತೆರೆದ ಕ್ಷಣ ಹಳೆಯದು ಸೊನ್ನೆಯಾಗುತ್ತದೆ. ಇಎಕ್ಸ್‌ಟಿ4ನ ಜರ್ನಲ್ (ಫೈಲ್ ಸಿಸ್ಟಂನ ಬದಲಾವಣೆಗಳ ದಾಖಲೆ) 5 ಸೆಕೆಂಡಿಗೊಮ್ಮೆ ಕಮಿಟ್ ಆಗುವಾಗ ‘ಫೈಲ್ ಸೊನ್ನೆ’ ಎಂಬುದು ಡಿಸ್ಕಿಗೆ ಹೋಗುತ್ತದೆ. ಹೊಸ ಅಂಕಿಗಳಿಗೆ ಜಾಗ ಕೊಡುವುದನ್ನೇ ಫೈಲ್ ಸಿಸ್ಟಂ ಮುಂದೂಡಿರುತ್ತದೆ, ಹಾಗಾಗಿ ಅವು ಜೊತೆಗೆ ಹೋಗುವುದಿಲ್ಲ. ಇದಕ್ಕೆಂದೇ ಆಟೊ_ಡಿಎ_ಅಲಾಕ್ ಎಂಬ ರಕ್ಷಣೆ ಮೊದಲಿನಿಂದಲೇ ಚಾಲೂ ಇದೆ, ಆದರೆ ಸೊನ್ನೆ ಮಾಡಿ ಬರೆದ ಫೈಲಿಗೆ ಅದು ಸಿಗುವುದು ಕ್ಲೋಸ್ ಆದಾಗ ಮಾತ್ರ. ನಿಮ್ಮ ಪ್ರೋಗ್ರಾಂ ಬಹುಶಃ ಫೈಲನ್ನು ಕ್ಲೋಸ್ ಮಾಡದೆ ತೆರೆದೇ ಇಟ್ಟಿದೆ.

ಸರಿಯಾದ ದಾರಿ ಹೀಗೆ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆಯಿರಿ, ಫ್ಲಶ್, ಎಫ್‌ಸಿಂಕ್, ಕ್ಲೋಸ್. ಆಮೇಲೆ ಓಎಸ್.ರೀಪ್ಲೇಸ್ ಮಾಡಿ ನಿಜ ಹೆಸರು ಕೊಡಿ. ಕೊನೆಗೆ ಫೋಲ್ಡರ್ ಅನ್ನೇ ತೆರೆದು ಅದಕ್ಕೂ ಒಂದು ಎಫ್‌ಸಿಂಕ್. ಯಾವ ಕ್ಷಣದಲ್ಲಿ ಕರೆಂಟ್ ಹೋದರೂ ಹಳೆಯ ಮೊತ್ತ ಪೂರ್ತಿ ಇರುತ್ತದೆ ಅಥವಾ ಹೊಸದು ಪೂರ್ತಿ ಇರುತ್ತದೆ. ತಾತ್ಕಾಲಿಕ ಫೈಲ್ ಬೇರೆ ಪಾರ್ಟಿಷನ್‌ನಲ್ಲಿ ಇರಬಾರದು, ರೀನೇಮ್ ಅಲ್ಲಿಂದ ಇಲ್ಲಿಗೆ ಆಗುವುದಿಲ್ಲ.

ಅದಕ್ಕಿಂತ ಒಳ್ಳೆಯದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್. ಮೂಲ ಸೆಟ್ಟಿಂಗ್‌ನಲ್ಲೇ ಸಿಂಕ್ರೊನಸ್ ಫುಲ್ ಇರುತ್ತದೆ, ಈ ಎಲ್ಲ ಕೆಲಸವನ್ನೂ ಅದೇ ಮಾಡುತ್ತದೆ. ವಾಲ್ ಮೋಡ್‌ಗೆ (ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆಯುವ ಕ್ರಮ) ಹಾಕಿ ಸಿಂಕ್ರೊನಸ್ ನಾರ್ಮಲ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದರಲ್ಲಿ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕರೆಂಟ್ ಹೋದರೆ ಕೊನೆಯ ಕೆಲವು ಚೀಟಿ ಹೋಗಬಹುದು. ತೂಕದ ಲೆಕ್ಕಕ್ಕೆ ಫುಲ್ ಇರಲಿ.

ತೂಕದಮನೆ (ಗೋಣಿಕೊಪ್ಪ)

ಕೋಡ್ ನೋಡಿದೆ. ಫ್ಲಶ್ ಇಲ್ಲ, ಎಫ್‌ಸಿಂಕ್ ಇಲ್ಲ. ಮೊತ್ತದ ಫೈಲ್ ಬೆಳಿಗ್ಗೆ ತೆರೆದದ್ದು ಸಂಜೆ ಕ್ಲೋಸ್ ಆಗುತ್ತದೆ, ನಡುವೆ ಸೀಕ್, ಟ್ರಂಕೇಟ್.

ಅಳತೆ: ಹಾರ್ಡ್ ಡಿಸ್ಕ್ 110 ಎಂಬಿ/ಸೆ, ಪೆನ್‌ಡ್ರೈವ್ 7 ಎಂಬಿ/ಸೆ. ಕಾಪಿ ವೇಳೆ ಡರ್ಟಿ 1.9 ಜಿಬಿವರೆಗೆ ಏರಿತು. ಕರ್ನಲ್ 6.8.

ಕರ್ನಲ್‌ಕಟ್ಟೆ (ಮಡಿಕೇರಿ)

ಅಂಕಿ ಚೆನ್ನಾಗಿ ಕೊಟ್ಟಿರಿ. ಶೇಕಡಾ ಬಿಟ್ಟುಬಿಡಿ, ಬೈಟ್‌ನಲ್ಲಿ ಇಡಿ. 16 ಜಿಬಿಯಲ್ಲಿ ಶೇಕಡಾ 1 ಅಂದರೂ 100 ಎಂಬಿ ದಾಟುತ್ತದೆ, ಅದಕ್ಕಿಂತ ಸಣ್ಣದನ್ನು ಶೇಕಡಾದಲ್ಲಿ ಹೇಳಲು ಬರುವುದಿಲ್ಲ. ಲೆಕ್ಕ ಹಾಕಬೇಕಾದದ್ದು ರ‍್ಯಾಮ್ ಎಷ್ಟಿದೆ ಎಂದಲ್ಲ, ಡಿಸ್ಕ್ ಸೆಕೆಂಡಿಗೆ ಎಷ್ಟು ನುಂಗುತ್ತದೆ ಎಂದು.

/ಇಟಿಸಿ/ಸಿಸ್‌ಸಿಟಿಎಲ್.ಡಿ/ ಒಳಗೆ ಒಂದು ಫೈಲ್ ಮಾಡಿ ಎರಡು ಸಾಲು:

ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ = 33554432
ವಿಎಂ.ಡರ್ಟಿ_ಬೈಟ್ಸ್ = 134217728

ಅಂದರೆ 32 ಎಂಬಿ ಮತ್ತು 128 ಎಂಬಿ. ‘ಸುಡೊ ಸಿಸ್‌ಸಿಟಿಎಲ್ --ಸಿಸ್ಟಂ’ ಹೊಡೆದರೆ ಜಾರಿ. ಬೈಟ್ಸ್ ಹಾಕಿದ ಕೂಡಲೇ ರೇಷಿಯೊ ತಾನಾಗಿ 0 ಎಂದು ತೋರಿಸುತ್ತದೆ. ಗಾಬರಿಯಾಗಬೇಡಿ, ಎರಡರಲ್ಲಿ ಒಂದೇ ಜಾರಿಯಲ್ಲಿರಲು ಸಾಧ್ಯ, ಕೊನೆಯಲ್ಲಿ ಬರೆದದ್ದು ಗೆಲ್ಲುತ್ತದೆ.

ಈಗ ಗುಡ್ಡೆ ಹೆಚ್ಚೆಂದರೆ 128 ಎಂಬಿ. ಅಷ್ಟೂ ಪೆನ್‌ಡ್ರೈವ್‌ನದ್ದೇ ಆದರೂ 18 ಸೆಕೆಂಡಿನಲ್ಲಿ ಇಳಿಯುತ್ತದೆ. ಮೊದಲಿನ 2.4 ಜಿಬಿಯ ಗಡಿಗೆ 5 ನಿಮಿಷ 40 ಸೆಕೆಂಡ್ ಬೇಕಿತ್ತು. ಒಟ್ಟು ಕಾಪಿಯ ಸಮಯ ಇದರಿಂದ ಕಡಿಮೆಯಾಗದು. ಪೆನ್‌ಡ್ರೈವ್‌ನ ವೇಗ 7 ಎಂಬಿಯೇ. ಆದರೆ ಕಾಪಿಯ ಪಟ್ಟಿ ನಿಜ ಹೇಳುತ್ತದೆ, ‘ಇಜೆಕ್ಟ್’ ಒತ್ತಿದ ಮೇಲೆ ಕಾಯುವುದು ನಿಲ್ಲುತ್ತದೆ.

ಒಂದು ಎಚ್ಚರಿಕೆ. ಸೆಕೆಂಡಿಗೆ 110 ಎಂಬಿ ಎಂಬುದು ಸಾಲಾಗಿ ಬರೆದಾಗ. ಚದುರಿದ 4 ಕೆಬಿ ಪುಟಗಳಾದರೆ ಇಂಥ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಬರಹ ಮಾಡುತ್ತದೆ. 32 ಎಂಬಿ ಅಂದರೆ 8192 ಪುಟ. ಪೂರ್ತಿ ಚದುರಿದ್ದರೆ ಅದಕ್ಕೇ 80 ಸೆಕೆಂಡ್. ಒಂದೇ ಡಿಸ್ಕಿನ ಮೇಲೆ ಡೇಟಾಬೇಸ್, ಮೇಲ್, ಎಲ್ಲ ಇದ್ದ ಕಡೆ ಬ್ಯಾಕ್‌ಗ್ರೌಂಡ್ ಅನ್ನು 16 ಎಂಬಿಗೆ ಇಳಿಸಿ ನೋಡಬೇಕು.

ಪೆನ್‌ಡ್ರೈವ್‌ಗೆ ಮಾತ್ರ ಪ್ರತ್ಯೇಕ ಲಗಾಮು ಹಾಕಬಹುದು. /ಸಿಸ್/ಕ್ಲಾಸ್/ಬಿಡಿಐ/8:16/ ಒಳಗೆ ಮ್ಯಾಕ್ಸ್_ರೇಷಿಯೊ ಇದೆ, ಮೂಲ 100. ಅದನ್ನು 5 ಮಾಡಿದರೆ ಒಟ್ಟು ಗಡಿಯಲ್ಲಿ ಶೇಕಡಾ 5 ಮಾತ್ರ ಅದಕ್ಕೆ. ಆದರೆ ಒಟ್ಟು ಗುಡ್ಡೆ ಆ ನಡುಮಧ್ಯ ದಾಟುವ ತನಕ ಕರ್ನಲ್ ಈ ಪಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ 6.2ರಿಂದ ಅದೇ ಜಾಗದಲ್ಲಿ ಸ್ಟ್ರಿಕ್ಟ್_ಲಿಮಿಟ್ ಬಂದಿದೆ, ಅದನ್ನು 1 ಮಾಡಿದರೆ ಪಾಲು ಯಾವಾಗಲೂ ಜಾರಿ. 8:16 ಎಂಬುದು ‘ಎಲ್‌ಎಸ್‌ಬಿಎಲ್‌ಕೆ’ ತೋರಿಸುವ ಸಂಖ್ಯೆ, ಇಡೀ ಡಿಸ್ಕಿನದ್ದು ತೆಗೆದುಕೊಳ್ಳಿ. ಪಾರ್ಟಿಷನ್‌ನ 8:17 ಹುಡುಕಿದರೆ ಸಿಗುವುದಿಲ್ಲ. ಕಿತ್ತು ಚುಚ್ಚಿದರೆ ಸೆಟ್ಟಿಂಗ್ ಹೋಗುತ್ತದೆ, ಕಾಯಂ ಬೇಕಾದರೆ ಡ್ರೈವ್ ಚುಚ್ಚಿದಾಗ ತಾನಾಗಿ ಓಡುವ ಯುಡೆವ್ ನಿಯಮ ಬರೆಯಬೇಕು. ಮೊದಲು ಆ ಎರಡು ಸಾಲು ಹಾಕಿ ನೋಡಿ, ನಿಮಗೆ ಇದು ಬೇಕಾಗಲಿಕ್ಕಿಲ್ಲ. ಗಡಿ 128 ಎಂಬಿಗೆ ಇಳಿಸಿದ ಮೇಲೆ ಅದರ ಶೇಕಡಾ 5 ಅಂದರೆ 6 ಎಂಬಿ ಚಿಲ್ಲರೆ, ಕಾಪಿ ಅಷ್ಟರಲ್ಲಿ ಏದುಸಿರು ಬಿಡುತ್ತದೆ.

ರಿಪೇರಿಬೆಂಚು (ಸೋಮವಾರಪೇಟೆ)

ಇಷ್ಟೆಲ್ಲ ಯಾಕಣ್ಣ? ಎಕ್ಸ್‌ಪೈರ್ 100, ರೈಟ್‌ಬ್ಯಾಕ್ 100 ಮಾಡಿದರೆ ಒಂದೆರಡು ಸೆಕೆಂಡಿನಲ್ಲಿ ಎಲ್ಲ ಡಿಸ್ಕಿನಲ್ಲಿರುತ್ತದೆ. ಪೆನ್‌ಡ್ರೈವ್ ಅನ್ನು ‘ಸಿಂಕ್’ ಆಪ್ಷನ್ ಹಾಕಿ ಮೌಂಟ್ ಮಾಡಿದರೆ ಅದರ ಕಥೆಯೂ ಮುಗಿಯಿತು. ಪ್ರೋಗ್ರಾಂ ತಿದ್ದಲು ಎಲ್ಲರಿಗೂ ಬರುತ್ತದೆಯೇ?

ಲೆಕ್ಕಪತ್ರ (ವಿರಾಜಪೇಟೆ)

ಇಲ್ಲಿ ಒಪ್ಪಲಾರೆ. ಮೊದಲನೆಯದಾಗಿ, ಸಾಲು ಪೈಥಾನ್ ಬಫರ್‌ನಲ್ಲೇ ಕುಳಿತಿದ್ದರೆ ಎಕ್ಸ್‌ಪೈರ್ 100 ಇರಲಿ 1 ಇರಲಿ, ಚೀಟಿ ಉಳಿಯುವುದಿಲ್ಲ. ಇಲ್ಲಿ ಆಗಿರುವುದೇ ಅದು.

ಎರಡನೆಯದಾಗಿ, ಆ 30 ಸೆಕೆಂಡ್ ಸುಮ್ಮನೆ ಇಟ್ಟದ್ದಲ್ಲ. ಹುಟ್ಟಿ ಹತ್ತು ಸೆಕೆಂಡಿನಲ್ಲಿ ಅಳಿಸಿ ಹೋಗುವ ತಾತ್ಕಾಲಿಕ ಫೈಲ್‌ಗಳು ಆ ಅವಧಿಯಲ್ಲಿ ಡಿಸ್ಕನ್ನು ಮುಟ್ಟದೆಯೇ ಸಾಯುತ್ತವೆ. ಒಂದೇ ಪುಟಕ್ಕೆ ಇಪ್ಪತ್ತು ಸಲ ಬರೆದರೂ ಡಿಸ್ಕಿಗೆ ಹೋಗುವುದು ಒಂದೇ ಸಲ. ಜಾಗ ಕೊಡುವುದನ್ನು ಮುಂದೂಡಿದ್ದರಿಂದ ಫೈಲ್ ತುಂಡಾಗದೆ ಒಂದೇ ಕಡೆ ಕೂರುತ್ತದೆ. 1 ಸೆಕೆಂಡ್ ಮಾಡಿದರೆ ಈ ಮೂರೂ ಲಾಭ ಹೋಗಿ ಹಾರ್ಡ್ ಡಿಸ್ಕಿನ ಹೆಡ್ ಬಿಡುವಿಲ್ಲದೆ ಓಡಾಡುತ್ತದೆ.

ಮೂರನೆಯದು ಮುಖ್ಯ. ಎಷ್ಟೇ ಕಡಿಮೆ ಮಾಡಿದರೂ ಆ ಗುಂಡಿಗಳು ಭರವಸೆ ಕೊಡುವುದಿಲ್ಲ. ‘ಸಾಮಾನ್ಯವಾಗಿ ಇಷ್ಟರೊಳಗೆ’ ಎನ್ನುತ್ತವೆ. ಡಿಸ್ಕ್ ಕೆಲಸದಲ್ಲಿ ಮುಳುಗಿದ್ದರೆ ಆ ‘ಇಷ್ಟರೊಳಗೆ’ ತಪ್ಪುತ್ತದೆ. ‘ಈ ಚೀಟಿ ಡಿಸ್ಕಿನಲ್ಲಿದೆ’ ಎಂದು ಹೇಳಬಲ್ಲದ್ದು ಎಫ್‌ಸಿಂಕ್‌ನ ಉತ್ತರ ಮಾತ್ರ. ಹಣದ ಲೆಕ್ಕ ಇರುವ ಎರಡು ಫೈಲಿಗೆ ಎಫ್‌ಸಿಂಕ್, ಉಳಿದದ್ದೆಲ್ಲ ಕರ್ನಲ್ ತನಗೆ ಅನುಕೂಲವಾದಾಗ ಬರೆದುಕೊಳ್ಳಲಿ.

ಪ್ರೋಗ್ರಾಂ ಮುಚ್ಚಿದ ಪೆಟ್ಟಿಗೆಯಾಗಿದ್ದು ತಿದ್ದಲು ಬಾರದಿದ್ದರೆ ಎಕ್ಸ್‌ಪೈರ್ 1000, ಅಂದರೆ 10 ಸೆಕೆಂಡ್, ಸಮಂಜಸ.

ಕರ್ನಲ್‌ಕಟ್ಟೆ (ಮಡಿಕೇರಿ)

‘ಸಿಂಕ್’ ಮೌಂಟ್ ಬಗ್ಗೆ: ಫ್ಯಾಟ್ ಫೈಲ್ ಸಿಸ್ಟಂ ಇರುವ ಪೆನ್‌ಡ್ರೈವ್‌ಗೆ ಅದು ಬೇಡವೇ ಬೇಡ. ಪ್ರತಿ ತುಂಡು ಬರೆದಾಗಲೂ ಫೈಲ್ ಅಲೊಕೇಶನ್ ಟೇಬಲ್ ಅನ್ನು ಮತ್ತೆ ಅದೇ ಜಾಗದಲ್ಲಿ ಬರೆಯುತ್ತದೆ. ವೇಗ ನೆಲಕಚ್ಚುತ್ತದೆ, ಅಗ್ಗದ ಫ್ಲ್ಯಾಶ್ ಬೇಗ ಸವೆಯುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಚುಚ್ಚಿದಾಗ ಯುಡಿಸ್ಕ್ಸ್ ಮೊದಲೇ ‘ಫ್ಲಶ್’ ಆಪ್ಷನ್ ಹಾಕಿರುತ್ತದೆ, ಅದು ಸಾಕು. ಕಾಪಿ ಮುಗಿದ ಮೇಲೆ ‘ಸಿಂಕ್ -ಎಫ್’ ಎಂದು ಪೆನ್‌ಡ್ರೈವ್‌ನ ದಾರಿ ಕೊಟ್ಟರೆ ಆ ಫೈಲ್ ಸಿಸ್ಟಂ ಮಾತ್ರ ಇಳಿಯುತ್ತದೆ. ಬರಿ ‘ಸಿಂಕ್’ ಹೊಡೆದರೆ ಎಲ್ಲ ಡಿಸ್ಕಿಗೂ ಕಾಯಬೇಕು.

ಬ್ಯಾಕಪ್ ಹೋಗುವುದು ಇಎಕ್ಸ್‌ಟಿ4 ಇರುವ ಹೊರಗಿನ ಹಾರ್ಡ್ ಡಿಸ್ಕಿಗಾದರೆ ಇನ್ನೊಂದು ಉಪಾಯ ಇದೆ: ‘ಸಿಸ್ಟಂಡಿ-ರನ್ --ಸ್ಕೋಪ್ -ಪಿ ಮೆಮೊರಿಹೈ=256ಎಂ ಆರ್‌ಸಿಂಕ್ ...’. ಆ ಕಾಪಿಯ ಗುಂಪಿಗೆ ಸಿಗುವ ಮೆಮೊರಿಯೇ 256 ಎಂಬಿ, ಡರ್ಟಿ ಗಡಿಯೂ ಅದರ ಲೆಕ್ಕದಲ್ಲೇ ಬರುತ್ತದೆ, ಉಳಿದ ವ್ಯವಸ್ಥೆಗೆ ತಟ್ಟುವುದಿಲ್ಲ. ಸಿಗ್ರೂಪ್ (ಪ್ರೋಗ್ರಾಂಗಳ ಗುಂಪಿಗೆ ಮಿತಿ ಹಾಕುವ ವ್ಯವಸ್ಥೆ) ಲೆಕ್ಕ ಇಡಬಲ್ಲ ಫೈಲ್ ಸಿಸ್ಟಂಗೆ ಮಾತ್ರ ಇದು: ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್. ಫ್ಯಾಟ್‌ನಲ್ಲಿ ನಡೆಯದು. ಡಿಸ್ಕ್ ಬಳಕೆಯ ಆದ್ಯತೆ ಇಳಿಸುವ ‘ಐಯೊನೈಸ್’ ಕಮಾಂಡ್ ನೆಚ್ಚಬೇಡಿ. ಕ್ಯಾಶ್‌ಗೆ ಬಿದ್ದ ಬರಹವನ್ನು ಡಿಸ್ಕಿಗೆ ಇಳಿಸುವುದು ಕರ್ನಲ್‌ನ ಥ್ರೆಡ್, ನಿಮ್ಮ ಕಾಪಿ ಕಮಾಂಡ್ ಅಲ್ಲ.

ರಿಪೇರಿಬೆಂಚು (ಸೋಮವಾರಪೇಟೆ)

ಬಫರ್ ವಿಷಯ ನಾನು ಗಮನಿಸಿರಲಿಲ್ಲ, ಲೆಕ್ಕಪತ್ರದವರು ಹೇಳಿದ್ದು ಸರಿ. ಹಾರ್ಡ್‌ವೇರ್ ಕಡೆಯದು ನಾನು ಸೇರಿಸುತ್ತೇನೆ.

ಎಫ್‌ಸಿಂಕ್ ಕೊಟ್ಟರೂ ಡಿಸ್ಕ್ ಆ ಆಜ್ಞೆ ಪಾಲಿಸಬೇಕು. /ಸಿಸ್/ಬ್ಲಾಕ್/ಎಸ್‌ಡಿಎ/ಕ್ಯೂ/ರೈಟ್_ಕ್ಯಾಶ್ ನೋಡಿ. ‘ರೈಟ್ ಬ್ಯಾಕ್’ ಎಂದಿದ್ದರೆ ಕರ್ನಲ್ ಫ್ಲಶ್ ಆಜ್ಞೆ ಕಳಿಸುತ್ತದೆ. ‘ರೈಟ್ ಥ್ರೂ’ ಎಂದಿದ್ದರೆ ಡಿಸ್ಕಿಗೆ ಕ್ಯಾಶ್ ಇಲ್ಲ ಎಂದು ನಂಬಿ ಕಳಿಸುವುದೇ ಇಲ್ಲ. ಅಗ್ಗದ ಯುಎಸ್‌ಬಿ ಕೇಸ್‌ಗಳಲ್ಲಿ ಒಳಗಿನ ಡಿಸ್ಕಿಗೆ ಕ್ಯಾಶ್ ಇದ್ದರೂ ಹೊರಗೆ ‘ಥ್ರೂ’ ಎಂದೇ ಕಾಣಿಸುವುದುಂಟು. ತೂಕದ ಲೆಕ್ಕ ಅಂಥ ಕೇಸಿನ ಡಿಸ್ಕಿನಲ್ಲಿ ಇರಬಾರದು. ಅನುಮಾನ ಇರುವ ಸಾಟಾ ಡಿಸ್ಕಿಗೆ ‘ಎಚ್‌ಡಿಪಾರ್ಮ್ -ಡಬ್ಲ್ಯೂ 0’ ಹಾಕಿ ಡಿಸ್ಕಿನ ಕ್ಯಾಶ್ ಬಂದ್ ಮಾಡಬಹುದು (ಇಲ್ಲಿ ಡಬ್ಲ್ಯೂ ದೊಡ್ಡಕ್ಷರ, ಸಣ್ಣಕ್ಷರದ್ದು ಬೇರೆಯೇ ಕೆಲಸ, ಅದು ಅಪಾಯದ್ದು). ವೇಗ ಕಡಿಮೆಯಾಗುತ್ತದೆ. ಮೌಂಟ್‌ನಲ್ಲಿ ‘ನೋಬ್ಯಾರಿಯರ್’ (ಫ್ಲಶ್ ಆಜ್ಞೆ ಕಳಿಸದಂತೆ ಮಾಡುವ ಆಪ್ಷನ್) ಯಾರಾದರೂ ಹಾಕಿದ್ದರೆ ತೆಗೆಯಿರಿ.

ಎಸ್‌ಎಸ್‌ಡಿ ಹಾಕಿದರೆ ಕರೆಂಟ್ ಭಯ ಇಲ್ಲ ಎನ್ನುವುದು ತಪ್ಪು. ಕರೆಂಟ್ ಹೋದಾಗ ಬರೆದು ಮುಗಿಸುವಷ್ಟು ಕೆಪಾಸಿಟರ್ ಇರುವುದು ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ.

ಮತ್ತೆ ಇನ್ವರ್ಟರ್. ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ. ಇನ್ವರ್ಟರ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿದ್ದರೆ ಹಿಂದಿನ ಸ್ವಿಚ್ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಫ್ಯಾನ್, ದೀಪಕ್ಕೆ ಏನೂ ಆಗದು. ಕಂಪ್ಯೂಟರ್‌ನ ಪವರ್ ಸಪ್ಲೈ ಮಾತ್ರ ಪೂರ್ತಿ ಲೋಡ್‌ನಲ್ಲಿ 16-17 ಮಿಲಿಸೆಕೆಂಡ್ ತಡೆದರೆ ಹೆಚ್ಚು. ‘ಯುಪಿಎಸ್’ ಮೋಡ್‌ಗೆ ಹಾಕಿ. ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ ಬ್ಯಾಟರಿಗೆ ಹಾರುತ್ತದೆ. ತೋಟದ ಮೋಟಾರ್‌ಗಳೆಲ್ಲ ಓಡುವಾಗ ಲೋ ವೋಲ್ಟೇಜ್ ಇರುವ ಕಡೆ ಬ್ಯಾಟರಿ ಬೇಗ ಸೋಲುತ್ತದೆ. ಅಂಥಲ್ಲಿ ಕಂಪ್ಯೂಟರ್‌ಗೆ ಮಾತ್ರ 600 ವಿಎ ಯುಪಿಎಸ್ ಪ್ರತ್ಯೇಕ ಇಡುವುದು ಲೇಸು. ಯುಎಸ್‌ಬಿ ಕೇಬಲ್ ಇರುವಂಥದ್ದು ತನ್ನಿ, ‘ನಟ್’ ಎಂಬ ತಂತ್ರಾಂಶ ಹಾಕಿದರೆ ಬ್ಯಾಟರಿ ಕೊನೆಗೆ ಬಂದಾಗ ತಾನೇ ಶಟ್‌ಡೌನ್ ಮಾಡುತ್ತದೆ. ಶಟ್‌ಡೌನ್‌ನಲ್ಲಿ ಫೈಲ್ ಸಿಸ್ಟಂ ಅನ್‌ಮೌಂಟ್ ಆಗುವುದರಿಂದ ಡರ್ಟಿ ಪುಟಗಳೆಲ್ಲ ಇಳಿದೇ ಇಳಿಯುತ್ತವೆ.

ಮಳೆಮಾಪಕ (ನಾಪೋಕ್ಲು)

ಇದಕ್ಕೆ ಹತ್ತಿರದ್ದೇ ಒಂದು ಪ್ರಶ್ನೆ. ರಾಸ್ಪ್‌ಬೆರಿ ಪೈ, ಎಸ್‌ಡಿ ಕಾರ್ಡ್, ಟಿಪ್ಪಿಂಗ್ ಬಕೆಟ್ ಮಳೆಮಾಪಕ, ಒಂದು ಟಿಪ್‌ಗೆ 0.2 ಮಿ.ಮೀ. ಕಾರ್ಡ್ ಸವೆಯುತ್ತದೆಂದು ಹೆದರಿ ಎಕ್ಸ್‌ಪೈರ್ ಅನ್ನು 10 ನಿಮಿಷ, ಕಮಿಟ್ ಅನ್ನು 600 ಸೆಕೆಂಡ್ ಮಾಡಿಟ್ಟಿದ್ದೇವೆ. ಕರೆಂಟ್ ಹೋದರೆ ಅಷ್ಟು ಹೊತ್ತಿನ ಮಳೆ ಲೆಕ್ಕಕ್ಕಿಲ್ಲ. ಫೆಬ್ರವರಿ-ಮಾರ್ಚ್‌ನ ಹೂಮಳೆಯಲ್ಲಿ ಹತ್ತು ನಿಮಿಷದ ಜಡಿಮಳೆ ತಪ್ಪಿದರೆ ಆ ದಿನದ ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕವೇ ತಪ್ಪು.

ಲೆಕ್ಕಪತ್ರ (ವಿರಾಜಪೇಟೆ)

ಭಯಕ್ಕೆ ಕಾರಣ ಇದೆಯೇ ಎಂದು ಮೊದಲು ಲೆಕ್ಕ ಹಾಕೋಣ. 1 ಇಂಚು ಅಂದರೆ 25.4 ಮಿ.ಮೀ., 127 ಟಿಪ್. ಪ್ರತಿ ಟಿಪ್‌ಗೂ ಒಂದು ಎಫ್‌ಸಿಂಕ್ ಎಂದರೆ ಡೇಟಾದ ಪುಟ, ಜರ್ನಲ್‌ನ ಕೆಲವು ಬ್ಲಾಕ್ ಸೇರಿ 32 ಕೆಬಿ ಎಂದು ಧಾರಾಳವಾಗಿ ಹಿಡಿಯಿರಿ. ದಿನಕ್ಕೆ 10 ಇಂಚು ಸುರಿದರೆ 1270 ಟಿಪ್, 40 ಎಂಬಿ. ವರ್ಷಕ್ಕೆ 200 ಇಂಚು ಸುರಿದರೂ 25,400 ಟಿಪ್, 0.8 ಜಿಬಿ. ಕಾರ್ಡ್ ಒಳಗೆ ಅದನ್ನು ನೂರು ಪಟ್ಟು ಮಾಡಿ ಬರೆದುಕೊಂಡರೂ 80 ಜಿಬಿ. 32 ಜಿಬಿಯ ಕಾರ್ಡನ್ನು ಎರಡೂವರೆ ಸಲ ತುಂಬಿದಂತೆ, ಅಷ್ಟೆ. ನಿಮ್ಮ ಮಳೆಯ ಲೆಕ್ಕ ಕಾರ್ಡನ್ನು ಸವೆಸುತ್ತಿಲ್ಲ.

ಸವೆಸುವುದು ಸಿಸ್ಟಂನ ಲಾಗ್‌ಗಳು. ಜರ್ನಲ್‌ಡಿಯ ಕಾನ್ಫಿಗ್‌ನಲ್ಲಿ ‘ಸ್ಟೋರೇಜ್=ವೊಲಟೈಲ್’ ಮಾಡಿ, ಲಾಗ್ ರ‍್ಯಾಮ್‌ನಲ್ಲೇ ಉಳಿಯುತ್ತದೆ. /ಟಿಎಂಪಿ ಅನ್ನು ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂ) ಮಾಡಿ. ಸ್ವಾಪ್ ಫೈಲ್ ತೆಗೆಯಿರಿ. ಆಮೇಲೆ ಕಮಿಟ್, ಎಕ್ಸ್‌ಪೈರ್ ಎರಡನ್ನೂ ಮೂಲಕ್ಕೆ ತನ್ನಿ, ಟಿಪ್‌ಗೊಂದು ಎಫ್‌ಸಿಂಕ್ ಹಾಕಿ.

ಇನ್ನೂ ಗಟ್ಟಿ ಬೇಕಿದ್ದರೆ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಚಾಲೂ ಮಾಡಿ ಮೂಲ ಪಾರ್ಟಿಷನ್‌ಗೆ ಬರೆಯುವುದನ್ನೇ ನಿಲ್ಲಿಸಿ, ಮಳೆಯ ಫೈಲಿಗೆ ಬೇರೆ ಸಣ್ಣ ಪಾರ್ಟಿಷನ್ ಕೊಡಿ. ಅದನ್ನು ಮರೆತು ಓವರ್‌ಲೇ ಹಾಕಿದರೆ ಮಳೆಯ ಲೆಕ್ಕವೂ ರ‍್ಯಾಮ್‌ನಲ್ಲೇ ಇದ್ದು ಕರೆಂಟ್ ಜೊತೆ ಹೋಗುತ್ತದೆ.

ರಿಪೇರಿಬೆಂಚು (ಸೋಮವಾರಪೇಟೆ)

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿನ ಒಳಗಿನ ಜಾಗದ ಪಟ್ಟಿಯೇ ಕೆಡಬಹುದು, ಅದನ್ನು ಯಾವ ಎಫ್‌ಸಿಂಕ್ ಕೂಡ ಕಾಯದು. ಪೈಗೆ 18650 ಸೆಲ್ ಇರುವ ಸಣ್ಣ ಯುಪಿಎಸ್ ಬೋರ್ಡ್ ಹಾಕಿ. ಇನ್ನೊಂದು, ಪೈ 5ಕ್ಕಿಂತ ಹಿಂದಿನ ಬೋರ್ಡ್‌ಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಬಂದಾಗ ನೆಟ್‌ವರ್ಕ್ ಇಲ್ಲದಿದ್ದರೆ ಹಳೆಯ ಸಮಯದಿಂದ ಎಣಿಸುತ್ತದೆ, ಟಿಪ್ ಉಳಿದರೂ ಗಂಟೆ ತಪ್ಪು. ಡಿಎಸ್3231 ಮಾಡ್ಯೂಲ್ ಒಂದನ್ನು ಸೇರಿಸಿ.

ಹೋಂಸ್ಟೇಲೆಡ್ಜರ್ (ಸುಂಟಿಕೊಪ್ಪ)

ವಿಂಡೋಸ್‌ನಲ್ಲಿ ಇದೆಲ್ಲ ಎಲ್ಲಿರುತ್ತದೆ?

ಕರ್ನಲ್‌ಕಟ್ಟೆ (ಮಡಿಕೇರಿ)

ಇಷ್ಟು ಗುಂಡಿಗಳು ಅಲ್ಲಿ ಹೊರಗೆ ಇಲ್ಲ. ‘ಲೇಜಿ ರೈಟರ್’ ಎಂಬುದು ಸೆಕೆಂಡಿಗೊಮ್ಮೆ ಎದ್ದು ಬರೆಯದೆ ಉಳಿದದ್ದರ ಎಂಟನೇ ಒಂದು ಭಾಗವನ್ನು ಸಾಲಿಗೆ ಹಾಕುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಪ್ರಾಪರ್ಟೀಸ್, ಪಾಲಿಸೀಸ್ ಟ್ಯಾಬ್ ನೋಡಿ. ಹೊರಗಿನ ಡ್ರೈವ್‌ಗೆ ವಿಂಡೋಸ್ 10ರ 1809 ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ಮೊದಲೇ ಆಯ್ಕೆಯಾಗಿರುತ್ತದೆ, ಹಾಗೇ ಬಿಡಿ. ಒಳಗಿನ ಡಿಸ್ಕಿಗೆ ರೈಟ್ ಕ್ಯಾಶಿಂಗ್ ಇರಲಿ. ಅದರ ಕೆಳಗೆ ಬಫರ್ ಫ್ಲಶಿಂಗ್ ನಿಲ್ಲಿಸುವ ಇನ್ನೊಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಲೇಬೇಡಿ. ಹಾಕಿದರೆ ಬಿಲ್ಲಿಂಗ್ ತಂತ್ರಾಂಶ ಕೇಳಿದರೂ ಡಿಸ್ಕಿನ ಕ್ಯಾಶ್ ಖಾಲಿಯಾಗುವುದಿಲ್ಲ.

ಕ್ಯೂರಿಂಗ್‌ಲಾಗ್ (ಕುಶಾಲನಗರ)

ಗೋದಾಮಿನ ದಾಸ್ತಾನು ಮಾರಿಯಾಡಿಬಿ 10.6ರಲ್ಲಿದೆ. ಡರ್ಟಿ_ಬೈಟ್ಸ್ ಬದಲಿಸಿ ನೋಡಿದರೆ ಅದರ ವೇಗದಲ್ಲಿ ಏನೂ ವ್ಯತ್ಯಾಸ ಇಲ್ಲ. ಯಾಕೆ?

ಲೆಕ್ಕಪತ್ರ (ವಿರಾಜಪೇಟೆ)

10.6ರಿಂದ ಮಾರಿಯಾಡಿಬಿಯ ಸ್ಟೋರೇಜ್ ಎಂಜಿನ್ ಆದ ಇನ್ನೊಡಿಬಿ ತನ್ನ ಡೇಟಾ ಫೈಲ್‌ಗಳನ್ನು ಓ_ಡೈರೆಕ್ಟ್‌ನಲ್ಲಿ ತೆರೆಯುತ್ತದೆ. ಪೇಜ್ ಕ್ಯಾಶ್ ಅನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಆ ಗಡಿ ಅದಕ್ಕೆ ಅನ್ವಯಿಸದು. ನಿಮಗೆ ಮುಖ್ಯವಾದದ್ದು ಇನ್ನೊಡಿಬಿ_ಫ್ಲಶ್_ಲಾಗ್_ಅಟ್_ಟಿಆರ್‌ಎಕ್ಸ್_ಕಮಿಟ್. 1 ಇದ್ದರೆ ಪ್ರತಿ ಕಮಿಟ್‌ಗೂ ಡಿಸ್ಕಿಗೆ. 2 ಮಾಡಿದರೆ ಕರ್ನಲ್‌ಗೆ ಕೊಟ್ಟು ಸೆಕೆಂಡಿಗೊಮ್ಮೆ ಮಾತ್ರ ಫ್ಲಶ್, ಕರೆಂಟ್ ಹೋದರೆ ಸುಮಾರು ಒಂದು ಸೆಕೆಂಡಿನ ನಮೂದು ಹೋಗುತ್ತದೆ. ಮೂಟೆ ಎಣಿಸುವ ಕಡೆ 1 ಬಿಟ್ಟು ಬೇರೆ ಬೇಡ.

ತೂಕದಮನೆ (ಗೋಣಿಕೊಪ್ಪ)

ಎರಡು ಸಾಲು ಹಾಕಿದೆ. ಈಗ ಕಾಪಿ ವೇಳೆ ಡರ್ಟಿ 100 ಎಂಬಿ ಆಸುಪಾಸು ನಿಲ್ಲುತ್ತದೆ. ಪ್ರೋಗ್ರಾಂ ಎಸ್‌ಕ್ಯೂಲೈಟ್‌ಗೆ ಬದಲಾಗಿದೆ. ಕಾಪಿ ನಡೆಯುವಾಗಲೂ ಚೀಟಿ ಒಂದು ಸೆಕೆಂಡಿನೊಳಗೆ ಸೇವ್ ಆಗುತ್ತದೆ. ನಿಜವಾಗಿ ಉಳಿಯುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ? ರೀಸ್ಟಾರ್ಟ್ ಆದ ಮೇಲೂ ಸಂಖ್ಯೆಗಳು ನಿಲ್ಲುತ್ತವೆಯೇ?

ಕರ್ನಲ್‌ಕಟ್ಟೆ (ಮಡಿಕೇರಿ)

ಪರೀಕ್ಷೆ ಎರಡು ಹಂತ. ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಬಂದು, 1, 2, 3 ಎಂದು ಎಣಿಸುತ್ತಾ ಪ್ರತಿ ಸಂಖ್ಯೆಯನ್ನೂ ಬರೆದು, ಕಮಿಟ್ ಮುಗಿದ ಮೇಲಷ್ಟೇ ತೆರೆಯ ಮೇಲೆ ತೋರಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ. ಮೊದಲ ಹಂತದಲ್ಲಿ ರೂಟ್ ಆಗಿ /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್‌ಗೆ ‘ಬಿ’ ಅಕ್ಷರ ಬರೆಯಿರಿ. ಸಿಂಕ್, ಅನ್‌ಮೌಂಟ್ ಏನೂ ಇಲ್ಲದೆ ಆ ಕ್ಷಣವೇ ರೀಬೂಟ್ ಆಗುತ್ತದೆ. ಎದ್ದ ಮೇಲೆ ಫೈಲಿನ ಕೊನೆಯ ಸಂಖ್ಯೆ, ಆಚೆಯ ತೆರೆಯಲ್ಲಿ ಕಂಡ ಕೊನೆಯ ಸಂಖ್ಯೆಗಿಂತ ಕಡಿಮೆ ಇರಬಾರದು. ಇದು ಪ್ರೋಗ್ರಾಂ ಬಫರ್ ಮತ್ತು ಪೇಜ್ ಕ್ಯಾಶ್‌ನ ಪರೀಕ್ಷೆ. ಡಿಸ್ಕಿಗೆ ಕರೆಂಟ್ ಇದ್ದೇ ಇರುವುದರಿಂದ ಅದರ ಕ್ಯಾಶ್ ಪರೀಕ್ಷೆ ಆಗುವುದಿಲ್ಲ. ಅದಕ್ಕೆ ಎರಡನೆಯ ಹಂತ: ಬ್ಯಾಕಪ್ ತೆಗೆದಿಟ್ಟು ಪ್ಲಗ್ಗನ್ನೇ ಕೀಳಬೇಕು. ಐದಾರು ಸಲ ಮಾಡಿ, ಒಮ್ಮೆ ಪೆನ್‌ಡ್ರೈವ್ ಕಾಪಿ ನಡೆಯುವಾಗಲೂ ಮಾಡಿ. ಸುಗ್ಗಿಯ ನಡುವೆ ಅಂಗಡಿಯ ಡಿಸ್ಕಿನಲ್ಲಿ ಬೇಡ, ಅದೇ ಮಾದರಿಯ ಖಾಲಿ ಡಿಸ್ಕಿನಲ್ಲಿ.

ಸಂಖ್ಯೆಗಳು ನಿಲ್ಲುತ್ತವೆ, ಬೇರೆ ಯಾರೂ ಮೇಲೆ ಬರೆಯದಿದ್ದರೆ. ಆ ಫೋಲ್ಡರ್‌ನ ಫೈಲ್‌ಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಓದುತ್ತದೆ, ಕೊನೆಯದು ಗೆಲ್ಲುತ್ತದೆ. ಬೇರೊಂದು ಫೈಲಿನಲ್ಲಿ ಡರ್ಟಿ_ರೇಷಿಯೊ ಇದ್ದು ಅದು ಆಮೇಲೆ ಬಂದರೆ ನಿಮ್ಮ ಬೈಟ್ಸ್ ಸೊನ್ನೆಯಾಗುತ್ತದೆ. ‘ಗ್ರೆಪ್ -ಆರ್ ಡರ್ಟಿ_ /ಇಟಿಸಿ/ಸಿಸ್‌ಸಿಟಿಎಲ್*’ ಹೊಡೆದು ನೋಡಿ. ಕರ್ನಲ್ ಸೆಟ್ಟಿಂಗ್ ಹೊಂದಿಸುವ ಟ್ಯೂನ್ಡ್ ಸೇವೆ ಓಡುತ್ತಿದ್ದರೆ ಅದರ ಪ್ರೊಫೈಲ್‌ಗಳೂ ಇವನ್ನು ಬದಲಿಸುತ್ತವೆ. ಕಣದಲ್ಲಿ ತೂಕಕ್ಕೆ ಲ್ಯಾಪ್‌ಟಾಪ್ ಬಳಸುವವರು ಬ್ಯಾಟರಿ ಉಳಿಸುವ ಟಿಎಲ್‌ಪಿ ತಂತ್ರಾಂಶ ಇದೆಯೇ ನೋಡಿಕೊಳ್ಳಿ. ಅದು ಕಾಲದ ಎರಡು ಗುಂಡಿಗಳನ್ನು ಕರೆಂಟ್ ಇದ್ದಾಗ 15 ಸೆಕೆಂಡಿಗೆ, ಬ್ಯಾಟರಿಯಲ್ಲಿ 60 ಸೆಕೆಂಡಿಗೆ ತಿರುಗಿಸುತ್ತದೆ. ಚಾರ್ಜರ್ ಕಿತ್ತು ‘ಸಿಸ್‌ಸಿಟಿಎಲ್ -ಎ’ ನೋಡಿದರೆ ಗೊತ್ತಾಗುತ್ತದೆ.

ತೂಕದಮನೆ (ಗೋಣಿಕೊಪ್ಪ)

ಗ್ರೆಪ್‌ನಲ್ಲಿ ಹಳೆಯ ಒಂದು ಸಾಲು ಸಿಕ್ಕಿತು, ಡರ್ಟಿ_ರೇಷಿಯೊ 20 ಎಂದು. ಅದರ ಫೈಲ್ ನಮ್ಮದಕ್ಕಿಂತ ಮೊದಲೇ ಓದಿಸಿಕೊಳ್ಳುತ್ತಿದ್ದರಿಂದ ತೊಂದರೆ ಆಗಿರಲಿಲ್ಲ. ತೆಗೆದೆ. ರೀಬೂಟ್ ಮಾಡಿ ನೋಡಿದರೆ ಬೈಟ್ಸ್ ಹಾಗೇ ಇವೆ. ‘ಬಿ’ ಪರೀಕ್ಷೆ ಮೂರು ಸಲವೂ ಸರಿ ಬಂತು, ಖಾಲಿ ಡಿಸ್ಕ್ ಸಿಕ್ಕ ಕೂಡಲೇ ಪ್ಲಗ್ ಕೀಳುವ ಪರೀಕ್ಷೆಯ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.